ಊಟಕ್ಕೆ ಮೂಗು ಮುರಿಯುವ ಪುಟ್ಟ ನಾಯಿ

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಾವು ಕಾರವಾರದ ಕೋಡಿಬಾಗದವರು. ಮನೆಯಲ್ಲಿ ಎರಡೂವರೆ ವರ್ಷದ ಪಾಮೇರಿಯನ್ ಹೆಣ್ಣು ನಾಯಿ ಇದೆ. ಹೆಸರು ಚಿಂಗಿ, ತೂಕ ಮೂರೂವರೆ ಕಿಲೋ, ಮರಿಯಾಗದಂತೆ ಆಪರೇಷನ್ ಕಳೆದ ವರ್ಷವೇ ಆಗಿದೆ. ಬೆಳಿಗ್ಗೆ ಮತ್ತು ರಾತ್ರಿ ಬಟ್ಟಲು ತುಂಬ ಡಾಗ್ ಫುಡ್ ಹಾಕಿಟ್ಟರೆ ಮೂಸಿ ನೋಡಿ ಹೊರಟುಹೋಗುತ್ತದೆ. ನಮ್ಮ ಅತ್ತೆಯವರು ಪಕ್ಕದಲ್ಲಿ ಕುಳಿತು ಬಂಗಡೆ ಮೀನು ಬಿಡಿಸಿ, ಅನ್ನಕ್ಕೆ ಕಲಸಿ, ತುತ್ತು ಮಾಡಿ ಕೊಟ್ಟರೆ ಮಾತ್ರ ತಿನ್ನುತ್ತದೆ. ಜೂನ್ ಬಂದ ಮೇಲೆ ಮೀನು ಸರಿಯಾಗಿ ಸಿಗದೆ ಕೋಳಿ ಕೊಡತೊಡಗಿದೆವು. ಈಗ ಕೋಳಿಯೂ ಬೇಡವಾಗಿದೆ. ವಿಚಿತ್ರವೆಂದರೆ, ಮೇ ತಿಂಗಳಲ್ಲಿ ಶಿರಸಿ ಹತ್ತಿರದ ಗೆಳತಿಯ ಮನೆಗೆ ನಾಲ್ಕು ದಿನ ಹೋಗಿದ್ದಾಗ, ಎರಡನೆಯ ದಿನದಿಂದ ಬರೀ ಮೊಸರನ್ನವನ್ನು ಬಟ್ಟಲು ನೆಕ್ಕಿ ತಿಂದಿತು. ಆಟ, ಓಡಾಟ ಎಲ್ಲ ಚೆನ್ನಾಗಿಯೇ ಇದೆ. ಇದು ಹಟವೋ, ಕಾಯಿಲೆಯೋ? ದಿನಕ್ಕೆ ಅದು ತಿನ್ನುವುದು: ಚಹಾ ಹೊತ್ತಿಗೆ ಮೂರು ಗ್ಲೂಕೋಸ್ ಬಿಸ್ಕತ್ತು, ತಿಂಡಿಗೆ ಅರ್ಧ ಇಡ್ಲಿ, ಮಧ್ಯಾಹ್ನ ಒಂದು ಹಿಡಿ ಅನ್ನ, ಅರ್ಧ ಬಂಗಡೆ ಅಥವಾ ಅಷ್ಟೇ ಕೋಳಿ, ಸಂಜೆ ಮಕ್ಕಳ ತಟ್ಟೆಯಿಂದ ಅರ್ಧ ಚಪಾತಿ, ರಾತ್ರಿ ಸ್ವಲ್ಪ ಹಾಲು. ಇಷ್ಟೇ.

ಉತ್ತರ: ನಿಮ್ಮ ಪತ್ರದ ಕೊನೆಯ ಪದದಿಂದಲೇ ಆರಂಭಿಸುತ್ತೇನೆ. ‘ಇಷ್ಟೇ’ ಎಂದು ನೀವು ಬರೆದಿರುವುದು ಎಷ್ಟಾಗುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕೋಣ, ಏಕೆಂದರೆ ನಿಮ್ಮ ಪ್ರಶ್ನೆಯ ಬಹುಪಾಲು ಉತ್ತರ ಆ ಪಟ್ಟಿಯಲ್ಲಿಯೇ ಇದೆ.

ನಾಯಿಯೊಂದು ಸುಮ್ಮನೆ ಮಲಗಿದ್ದರೂ ಅದಕ್ಕೆ ಬೇಕಾಗುವ ಶಕ್ತಿಯನ್ನು ನಾವು ಅದರ ತೂಕದ 0.75 ಘಾತವನ್ನು 70ರಿಂದ ಗುಣಿಸಿ ಅಂದಾಜು ಮಾಡುತ್ತೇವೆ. ಮೂರೂವರೆ ಕಿಲೋ ತೂಕದ ನಾಯಿಗೆ ಇದು ಸುಮಾರು 180 ಕಿಲೋ ಕ್ಯಾಲರಿ ಆಗುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ, ಮನೆಯೊಳಗೆ ಸಾಧಾರಣವಾಗಿ ಓಡಾಡಿಕೊಂಡಿರುವ ವಯಸ್ಕ ನಾಯಿಗೆ ಅದನ್ನು 1.6ರಿಂದ ಗುಣಿಸಬೇಕು, ಅಂದರೆ ಚಿಂಗಿಗೆ ದಿನವೊಂದಕ್ಕೆ ಬೇಕಾದದ್ದು ಹೆಚ್ಚುಕಡಿಮೆ 285 ಕಿಲೋ ಕ್ಯಾಲರಿ. ಇನ್ನು ನಿಮ್ಮ ಪಟ್ಟಿ. ಒಂದು ಗ್ಲೂಕೋಸ್ ಬಿಸ್ಕತ್ತಿಗೆ 20ರಂತೆ ಮೂರಕ್ಕೆ 60, ಅರ್ಧ ಇಡ್ಲಿಗೆ 25, ಒಂದು ಹಿಡಿ ಅನ್ನ 50 ಗ್ರಾಂ ಎಂದು ಹಿಡಿದರೆ 65, ಅರ್ಧ ಬಂಗಡೆಯ ಮಾಂಸಕ್ಕೆ 50, ಅರ್ಧ ಚಪಾತಿಗೆ 50, ಕಾಲು ಲೋಟ ಹಾಲಿಗೆ ಸುಮಾರು 35. ಇದು ಸ್ಥೂಲ ಲೆಕ್ಕವೇ, ಆದರೂ ಕೂಡಿಸಿದರೆ ಬರುವ ಮೊತ್ತ 285ರ ಆಸುಪಾಸಿನಲ್ಲಿಯೇ ಇದೆ. ನೀವು ಊಟ ಎಂದು ಕರೆಯುವ ಆ ಎರಡು ಬಟ್ಟಲು ಡಾಗ್ ಫುಡ್ ಈ ಲೆಕ್ಕದಲ್ಲಿ ಬಂದೇ ಇಲ್ಲ. ಹೀಗಾಗಿ ಚಿಂಗಿ ಊಟ ಬಿಟ್ಟ ನಾಯಿಯಲ್ಲ, ಊಟ ಮುಗಿಸಿ ಬಂದ ನಾಯಿ. ಮದುವೆ ಮನೆಯಿಂದ ಹೊಟ್ಟೆ ತುಂಬ ಉಂಡು ಬಂದವರ ಮುಂದೆ ಮತ್ತೆ ಎಲೆ ಹಾಕಿದರೆ ಅವರು ಮಾಡುವುದನ್ನೇ ಅದು ಮಾಡುತ್ತಿದೆ.

ಸಣ್ಣ ನಾಯಿಗಳ ವಿಷಯದಲ್ಲಿ ನಮ್ಮ ಕಣ್ಣಳತೆ ತಪ್ಪುವುದು ಇಲ್ಲಿಯೇ. ಒಂದು ಬಿಸ್ಕತ್ತು ಚಿಂಗಿಯ ದಿನದ ಅಗತ್ಯದ ನೂರಕ್ಕೆ ಏಳರಷ್ಟಾಗುತ್ತದೆ. ದಿನಕ್ಕೆ 2000 ಕಿಲೋ ಕ್ಯಾಲರಿ ಬೇಕಾದ ಮನುಷ್ಯರು ಒಂದೇ ಸಲಕ್ಕೆ ಏಳು ಬಿಸ್ಕತ್ತು ತಿಂದಂತೆ ಅದು. ಪ್ಯಾಕೆಟ್ಟಿನ ಒಣ ಆಹಾರದಲ್ಲಿ 100 ಗ್ರಾಮಿಗೆ ಸಾಮಾನ್ಯವಾಗಿ 350ರಿಂದ 400 ಕಿಲೋ ಕ್ಯಾಲರಿ ಇರುವುದರಿಂದ, ಬೇರೇನನ್ನೂ ಕೊಡದಿದ್ದರೂ ಚಿಂಗಿಗೆ ಇಡೀ ದಿನಕ್ಕೆ ಸಾಕಾಗುವುದು ಕೇವಲ 75 ಗ್ರಾಂ. ಅದನ್ನು ಎರಡು ಹೊತ್ತಿಗೆ ಹಂಚಿದರೆ ಬಟ್ಟಲಿನ ತಳ ಮುಚ್ಚುವಷ್ಟೇ ಆಗುತ್ತದೆ. ನೀವು ಬಟ್ಟಲು ತುಂಬ ಹಾಕಿ, ಅದು ಕಾಲುಭಾಗ ತಿಂದರೂ, ಉಳಿದ ಮುಕ್ಕಾಲನ್ನು ನೋಡಿ ಮನೆಯವರೆಲ್ಲ ‘ಏನೂ ತಿಂದಿಲ್ಲ’ ಎಂದು ನೊಂದುಕೊಳ್ಳುತ್ತೀರಿ. ನೊಂದುಕೊಂಡ ಮೇಲೆ ಯಾರಾದರೊಬ್ಬರು ಏನಾದರೊಂದನ್ನು ಕೊಟ್ಟೇ ಕೊಡುತ್ತಾರೆ. ಅಡುಗೆಮನೆಯ ಸಣ್ಣ ತಕ್ಕಡಿಯೊಂದನ್ನು ಈ ಕೆಲಸಕ್ಕೆಂದೇ ಇಟ್ಟುಕೊಳ್ಳಿ. ನಾನು ಬರೆದುಕೊಡುವ ಯಾವ ಟಾನಿಕ್ಕಿಗಿಂತಲೂ ಅದರಿಂದ ಹೆಚ್ಚು ಉಪಯೋಗವಾಗುತ್ತದೆ.

ಆದರೆ ಕ್ಯಾಲರಿ ತುಂಬಿತೆಂದರೆ ಪೋಷಣೆಯೂ ತುಂಬಿತೆಂದಲ್ಲ. ಬಿಸ್ಕತ್ತು, ಇಡ್ಲಿ, ಚಪಾತಿ, ಅನ್ನ ಇವೆಲ್ಲ ಬಹುಮಟ್ಟಿಗೆ ಪಿಷ್ಟವೇ. ಇವುಗಳಿಂದ ಹೊಟ್ಟೆ ತುಂಬಿದ ನಾಯಿಗೆ ಬೇಕಾದಷ್ಟು ಪ್ರೋಟೀನ್, ಕ್ಯಾಲ್ಸಿಯಂ, ಸತು, ಅಗತ್ಯ ಕೊಬ್ಬಿನಾಮ್ಲಗಳು ಸಿಗುವುದಿಲ್ಲ. ಪಾಮೇರಿಯನ್ನಿನ ದಟ್ಟವಾದ ತುಪ್ಪಳದೊಳಗೆ ಈ ಕೊರತೆ ಬಹಳ ಕಾಲ ಮರೆಯಾಗಿರುತ್ತದೆ, ಸಣಕಲಾಗಿರುವುದೂ ಮರೆಯಾಗಿರುತ್ತದೆ. ಆದ್ದರಿಂದ ಕಣ್ಣಿನಿಂದ ನೋಡಬೇಡಿ, ಕೈಯಿಂದ ನೋಡಿ. ತುಪ್ಪಳದೊಳಗೆ ಬೆರಳಾಡಿಸಿದಾಗ ಪಕ್ಕೆಲುಬುಗಳು ತೆಳುವಾದ ಪದರದ ಕೆಳಗೆ ಒಂದೊಂದಾಗಿ ಬೆರಳಿಗೆ ಸಿಗಬೇಕು. ಎಲುಬೇ ಚುಚ್ಚಿದಂತಾದರೆ ಬಡಕಲು, ಹುಡುಕಿದರೂ ಸಿಗದಿದ್ದರೆ ಬೊಜ್ಜು. ಅನೇಕ ಮನೆಗಳಲ್ಲಿ ‘ಏನೂ ತಿನ್ನುವುದಿಲ್ಲ’ ಎಂದು ಕಣ್ಣೀರು ಹಾಕಿಸಿದ ನಾಯಿಯ ಪಕ್ಕೆಲುಬನ್ನು ನಾನು ಹುಡುಕಿ ಹುಡುಕಿ ಕಂಡುಕೊಳ್ಳಬೇಕಾಗಿ ಬಂದಿದೆ.

ಇದೆಲ್ಲ ಹೇಳಿದ ಮೇಲೂ, ಊಟದ ಶಿಸ್ತಿಗೆ ಕೈ ಹಾಕುವ ಮೊದಲು ನಾಯಿ ತಿನ್ನಲು ಒಲ್ಲೆನೆನ್ನುತ್ತಿದೆಯೋ, ತಿನ್ನಲು ಆಗದೆ ಬಿಡುತ್ತಿದೆಯೋ ಎಂಬುದನ್ನು ಖಚಿತಪಡಿಸಿಕೊಳ್ಳಲೇಬೇಕು. ಬಟ್ಟಲಿನ ಹತ್ತಿರ ಆಸೆಯಿಂದ ಬಂದು, ಒಂದು ತುತ್ತು ಬಾಯಿಗೆ ತೆಗೆದುಕೊಂಡು ಕೆಳಗೆ ಬೀಳಿಸುವ, ಒಂದೇ ದವಡೆಯಲ್ಲಿ ಅಗಿಯುವ, ಒಣ ಆಹಾರ ಬಿಟ್ಟು ಮೆತ್ತಗಿನದನ್ನು ಮಾತ್ರ ತಿನ್ನುವ ನಾಯಿಗೆ ಹಲ್ಲುನೋವಿರುವ ಸಂಭವ ಹೆಚ್ಚು. ದೊಡ್ಡ ನಾಯಿಗಾಗಲಿ, ಪುಟ್ಟ ನಾಯಿಗಾಗಲಿ ಹಲ್ಲು 42 ಇರಬೇಕು. ಪಾಮೇರಿಯನ್ನಿನ ಆ ಕಿರಿದಾದ ದವಡೆಯಲ್ಲಿ ಅವು ಒತ್ತೊತ್ತಾಗಿ ಕುಳಿತು, ಸಂದಿಯಲ್ಲಿ ಕೊಳೆ ಕಟ್ಟಿ, ಮೂರು ವರ್ಷ ತುಂಬುವಷ್ಟರಲ್ಲಿ ಒಸಡಿನ ರೋಗ ಶುರುವಾಗಿರುವುದು ಸಾಮಾನ್ಯ. ಆರೇಳು ತಿಂಗಳಿಗೆ ಬೀಳಬೇಕಾದ ಹಾಲುಹಲ್ಲುಗಳು, ಮುಖ್ಯವಾಗಿ ಕೋರೆಹಲ್ಲುಗಳು, ಈ ತಳಿಗಳಲ್ಲಿ ಬೀಳದೆ ಹೊಸ ಹಲ್ಲಿನ ಜೊತೆಯಲ್ಲಿಯೇ ನಿಂತುಬಿಡುವುದೂ ಉಂಟು. ತುಟಿ ಎತ್ತಿ ನೋಡಿ. ಒಸಡು ಕೆಂಪಗೆ ಊದಿದ್ದರೆ, ಬಾಯಿ ದುರ್ವಾಸನೆ ಬರುತ್ತಿದ್ದರೆ ಮೊದಲು ಅದರ ಚಿಕಿತ್ಸೆಯಾಗಲಿ. ಚಿಂಗಿ ಬಿಸ್ಕತ್ತನ್ನು ಕಟಕಟನೆ ಅಗಿಯುತ್ತಿರುವುದರಿಂದ ಹಲ್ಲಿನ ಮೇಲೆ ನನಗೆ ಅಷ್ಟಾಗಿ ಅನುಮಾನವಿಲ್ಲ.

ನಮ್ಮ ಜಿಲ್ಲೆಯಲ್ಲಿ ಊಟ ಬಿಟ್ಟ ನಾಯಿಯೆಂದರೆ ನನಗೆ ಮೊದಲು ನೆನಪಾಗುವುದು ಉಣುಗು. ಉಣುಗಿನಿಂದ ಬರುವ ಎರ್ಲೀಕಿಯಾ, ಬಬೇಸಿಯಾ ಸೋಂಕುಗಳಲ್ಲಿ ಬಹುಪಾಲು ನಾಯಿಗಳು ಮೊಟ್ಟಮೊದಲು ತೋರಿಸುವ ಲಕ್ಷಣವೇ ಊಟದ ಮೇಲಿನ ನಿರಾಸಕ್ತಿ. ಎರ್ಲೀಕಿಯಾದಲ್ಲಿ ಉಣುಗು ಕಚ್ಚಿ ಒಂದರಿಂದ ಮೂರು ವಾರದ ಮೇಲೆ ಅದು ಕಾಣಿಸಿಕೊಳ್ಳುವುದರಿಂದ, ಅಷ್ಟರೊಳಗೆ ಉಣುಗಿನ ನೆನಪೇ ಮನೆಯವರಿಗೆ ಇರುವುದಿಲ್ಲ. ನೀವು ಮೇ ತಿಂಗಳಲ್ಲಿ ಶಿರಸಿಯ ತೋಟದ ಮನೆಗೆ ಹೋಗಿ ಬಂದಿದ್ದೀರಿ, ಜೂನ್‌ನಲ್ಲಿ ಊಟ ಇನ್ನಷ್ಟು ಕೆಟ್ಟಿದೆ. ಹೀಗಾಗಿ ಈ ಒಂದು ಅನುಮಾನವನ್ನು ರಕ್ತಪರೀಕ್ಷೆ ಮಾಡಿಸಿಯೇ ಬಗೆಹರಿಸಿಕೊಳ್ಳಿ ಎಂದು ನನ್ನ ಸಲಹೆ. ಕಿವಿಯ ಒಳಮಡಿಕೆ, ಬೆರಳ ಸಂದಿ, ಕೊರಳಪಟ್ಟಿಯ ಅಡಿ ಇವುಗಳನ್ನು ಹುಡುಕಿ. ಗುದದ್ವಾರದಲ್ಲಿ ಅಳೆದ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಅದು ನಾಯಿಗೆ ಸಹಜ. ಅದನ್ನು ಮನುಷ್ಯರ ಲೆಕ್ಕದಲ್ಲಿ ಜ್ವರವೆಂದು ತಿಳಿದು ಪ್ಯಾರಾಸಿಟಮಾಲ್ ಕೊಟ್ಟವರಿದ್ದಾರೆ. ಅಂಥ ಕೆಲಸ ಎಂದಿಗೂ ಬೇಡ, ನಾಯಿಗೆ ಅದು ವಿಷವಾಗಬಹುದು. ಉಣುಗು ಎಂದೊಡನೆ ಸಿದ್ದಾಪುರದ ಕಡೆಯವರಿಗೆ ಮಂಗನ ಕಾಯಿಲೆ ನೆನಪಾಗುವುದು ಸಹಜ. ಅದು ಬೇರೆ ರೋಗ, ವೈರಸ್ಸಿನಿಂದ ಮನುಷ್ಯರಿಗೂ ಮಂಗಗಳಿಗೂ ಬರುವಂಥದ್ದು. ಆದರೆ ಕಾಡಂಚಿಗೆ ಹೋಗಿ ಬಂದ ನಾಯಿ ಮೈಮೇಲೆ ಉಣುಗನ್ನು ಮನೆಯೊಳಗೆ ಹೊತ್ತು ತರಬಲ್ಲದು ಎಂಬ ಕಾರಣಕ್ಕಾದರೂ ತಿಂಗಳು ತಿಂಗಳು ಉಣುಗಿನ ಔಷಧಿ ತಪ್ಪಿಸಬಾರದು.

ತೋಟದ ಮನೆಯ ಮಾತು ಬಂದದ್ದರಿಂದ ಇನ್ನೊಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ಚೆಂಡಿನಂತೆ ಉರುಳಿಸಿ ಆಡುತ್ತ ಮರಿಗಳು ಅದನ್ನು ಕಡಿಯುತ್ತವೆ. ಅಡಿಕೆಯಲ್ಲಿರುವ ಅರಿಕೋಲಿನ್ ಎಂಬ ಅಂಶವನ್ನು ಹಿಂದೆ ನಾಯಿಗಳ ಲಾಡಿಹುಳು ಉದುರಿಸಲು ಔಷಧಿಯಾಗಿಯೇ ಬಳಸುತ್ತಿದ್ದರು. ಅದರ ಪ್ರಮಾಣ ಮೀರಿದರೆ ಜೊಲ್ಲು, ವಾಂತಿ, ಭೇದಿ, ನಿತ್ರಾಣ ಎಲ್ಲವೂ ಆಗುತ್ತದೆ, ಮೂರು ಕಿಲೋ ನಾಯಿಗೆ ಪ್ರಮಾಣ ಮೀರಲು ಹೆಚ್ಚೇನೂ ಬೇಕಿಲ್ಲ. ಕವಳದ, ಅಂದರೆ ಎಲೆಅಡಿಕೆಯ, ಸಂಚಿಯಲ್ಲಿ ತಂಬಾಕೂ ಇರುತ್ತದೆ. ಜೊಲ್ಲು ಸುರಿಸುತ್ತ ಊಟ ಬಿಟ್ಟ ನಾಯಿ ಕಂಡರೆ ಸಂಚಿ ಎಲ್ಲಿದೆ ಎಂದು ನೋಡಿ.

ಇವುಗಳ ಹೊರತಾಗಿ, ಕೆಳಗಿನ ಯಾವುದಾದರೂ ಕಂಡರೆ ಈ ಲೇಖನವನ್ನು ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೊರಡಬೇಕು: ವಯಸ್ಕ ನಾಯಿ 24 ಗಂಟೆ ಕಾಲ ತನಗೆ ಅತ್ಯಂತ ಪ್ರಿಯವಾದದ್ದನ್ನೂ ಮುಟ್ಟದಿರುವುದು, ಮೇಲಿಂದ ಮೇಲೆ ವಾಂತಿ, ಬಿಳಿಚಿದ ಅಥವಾ ಹಳದಿ ಒಸಡು, ಕಾಫಿ ಬಣ್ಣದ ಮೂತ್ರ, ಡಾಂಬರಿನಂಥ ಮಲ, ಉಬ್ಬಿದ ಹೊಟ್ಟೆ, ಮೂಗಿನಲ್ಲಿ ರಕ್ತ. ಆಪರೇಷನ್ ಆಗದ ಹೆಣ್ಣು ನಾಯಿ ಬೆದೆ ಮುಗಿದು ಎರಡು ತಿಂಗಳೊಳಗೆ ಊಟ ಬಿಟ್ಟು ವಿಪರೀತ ನೀರು ಕುಡಿಯತೊಡಗಿದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು; ಅಲ್ಲಿ ಒಂದು ದಿನ ಕಾಯುವುದೂ ಅಪಾಯ. ಗಂಡು ನಾಯಿ ಸಾಕಿದವರಿಗೆ ಮಾತ್ರ ಇದರ ಹಗುರವಾದ ಮುಖವೊಂದಿದೆ. ಕಾರ್ತಿಕ ಮಾಸದಲ್ಲಿ ಓಣಿಯ ಹೆಣ್ಣು ನಾಯಿಗಳು ಬೆದೆಗೆ ಬಂದಾಗ ಅದು ನಾಲ್ಕಾರು ದಿನ ಬಾಗಿಲ ಬಳಿ ಕುಳಿತು ಊಟ ಬಿಡುತ್ತದೆ, ಅದಕ್ಕೆ ಔಷಧಿಯೇನೂ ಬೇಡ.

ಚಿಂಗಿಯಲ್ಲಿ ಇವೇನೂ ಇಲ್ಲವೆಂದು ನಿಮ್ಮ ವೈದ್ಯರು ಹೇಳಿದರೆಂದು ಇಟ್ಟುಕೊಂಡು ಮುಂದುವರಿಯುತ್ತೇನೆ. ಜೂನ್‌ನಲ್ಲಿ ಪರಿಸ್ಥಿತಿ ಕೆಟ್ಟದ್ದು ಏಕೆ? ಇದು ನಿಮ್ಮೊಬ್ಬರ ಮನೆಯ ಕತೆಯಲ್ಲ. ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಬೈತಖೋಲದ ಬಂದರಿನಲ್ಲಿ ದೋಣಿಗಳು ಸಾಲಾಗಿ ನಿಂತ ವಾರದಿಂದಲೇ ಕಾರವಾರ, ಅಂಕೋಲಾ, ಕುಮಟಾದ ಕಡೆಯಿಂದ ‘ನಾಯಿ ಊಟ ಬಿಟ್ಟಿದೆ’ ಎಂಬ ಫೋನುಗಳು ನನಗೆ ಹೆಚ್ಚಾಗುತ್ತವೆ. ಅದರ ಬೆನ್ನಿಗೇ ಶ್ರಾವಣ ಬರುತ್ತದೆ, ಮೀನು ತಿನ್ನುವ ಮನೆಗಳಲ್ಲಿಯೂ ಹಲವರು ಆ ತಿಂಗಳು ಬಿಡುತ್ತಾರೆ. ಹತ್ತು ತಿಂಗಳು ದಿನವೂ ತಾಜಾ ಮೀನು ಕಂಡ ನಾಯಿಗೆ ಏಕಾಏಕಿ ಅದು ನಿಂತುಹೋದಾಗ ಅದು ಕಾಯುತ್ತದೆ. ಕಾದಾಗ ಕೋಳಿ ಬಂದಿತು. ಕೋಳಿಯನ್ನೂ ಬಿಟ್ಟು ಕಾದರೆ ಇನ್ನೇನೋ ಬರಬಹುದೆಂದು ಈಗ ಮತ್ತೆ ಕಾಯುತ್ತಿದೆ. ಇದನ್ನು ಹಟವೆನ್ನುವುದಕ್ಕಿಂತ ಅನುಭವದಿಂದ ಕಲಿತ ಪಾಠವೆನ್ನುವುದು ಸರಿ, ಮತ್ತು ಆ ಪಾಠವನ್ನು ಕಲಿಸಿದವರು ನೀವು. ಮೀನಿಲ್ಲದ ದಿನ ಒಣಮೀನು ಕೊಡುವವರೂ ಇದ್ದಾರೆ. ಅದರಲ್ಲಿರುವ ಉಪ್ಪು ಇಷ್ಟು ಸಣ್ಣ ದೇಹಕ್ಕೆ ತೀರ ಹೆಚ್ಚಾಗುತ್ತದೆ, ಬೇಡವೇ ಬೇಡ.

ಎರಡನೆಯ ಕಾರಣ ಮಳೆ. ಚೀಲದ ಬಾಯಿ ತೆರೆದಿಟ್ಟ ಒಣ ಆಹಾರ ನಮ್ಮ ಮಳೆಗಾಲದ ತೇವದಲ್ಲಿ ಹಪ್ಪಳದಂತೆಯೇ ಮೆತ್ತಗಾಗುತ್ತದೆ. ಅದರ ಮೇಲೆ ಸವರಿರುವ ಕೊಬ್ಬು ಗಾಳಿ ತಾಗಿ ಕಮಟುತ್ತದೆ, ಕೆಲವೊಮ್ಮೆ ಕಣ್ಣಿಗೆ ಕಾಣದಷ್ಟು ಬೂಸ್ಟು ಹಿಡಿಯುತ್ತದೆ. ಕೆಲವು ಬೂಸ್ಟುಗಳು ಉಂಟುಮಾಡುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತನ್ನು ಕೆಡಿಸುವಂಥದ್ದು, ಬಿಸಿ ಮಾಡಿದರೂ ಹೋಗುವುದಿಲ್ಲ. ನಾಲಗೆಯಲ್ಲಿ ನಮಗಿರುವ ಸುಮಾರು 9000 ರುಚಿಮೊಗ್ಗುಗಳ ಎದುರು ನಾಯಿಗಿರುವುದು ಸುಮಾರು 1700 ಮಾತ್ರ; ಅದು ಊಟವನ್ನು ಆರಿಸುವುದು ಮೂಗಿನಿಂದ. ಹೀಗಾಗಿ ನಮಗೆ ಏನೂ ಗೊತ್ತಾಗದ ಕಮಟು ಅದಕ್ಕೆ ಮಾರು ದೂರದಿಂದಲೇ ತಿಳಿಯುತ್ತದೆ, ಮತ್ತು ಅಂಥದ್ದನ್ನು ಬಿಟ್ಟು ಎದ್ದುಹೋದ ನಾಯಿ ನಮಗಿಂತ ಜಾಣ. ಮಳೆಗಾಲದಲ್ಲಿ ಒಂದು ತಿಂಗಳಿಗೆ ಸಾಕಾಗುವ ಸಣ್ಣ ಪ್ಯಾಕೆಟ್ ಮಾತ್ರ ಕೊಳ್ಳಿ, ಪ್ಯಾಕೆಟ್ಟಿನ ಸಮೇತ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಅಂಗಡಿಯಲ್ಲಿ ಚೀಲದಿಂದ ತೂಗಿ ಕೊಡುವ ಬಿಡಿ ಆಹಾರವನ್ನು ಈ ನಾಲ್ಕು ತಿಂಗಳು ಕೊಳ್ಳಬೇಡಿ. ಬಟ್ಟಲಿಗೆ ಇರುವೆ ಹತ್ತಿದೆಯೇ ಎಂಬುದನ್ನೂ ನೋಡಿ. ಎಷ್ಟೋ ಸಲ ನಾಯಿ ಮೂಸಿ ಹಿಂದೆ ಸರಿಯುವುದು ಮೂಗಿಗೆ ಇರುವೆ ಕಚ್ಚಿದ್ದರಿಂದ.

ಇನ್ನು ಶಿರಸಿಯ ಮೊಸರನ್ನ. ಅದರಲ್ಲಿ ವಿಚಿತ್ರವೇನೂ ಇಲ್ಲ. ಆ ಮನೆಯಲ್ಲಿ ಚಿಂಗಿಗೆ ಚಹಾದ ಬಿಸ್ಕತ್ತು ಸಿಕ್ಕಿರಲಿಕ್ಕಿಲ್ಲ, ಮಕ್ಕಳ ತಟ್ಟೆ ಇರಲಿಕ್ಕಿಲ್ಲ, ತೋಟದಲ್ಲಿ ಬೆಳಗಿನಿಂದ ಓಡಾಟವಿತ್ತು, ಬಟ್ಟಲಿಗೆ ಪಾಲುದಾರರಾಗಬಹುದಾದ ಆ ಮನೆಯ ನಾಯಿಯೂ ಇದ್ದಿರಬಹುದು, ಎಲ್ಲಕ್ಕಿಂತ ಹೆಚ್ಚಾಗಿ, ಬಿಟ್ಟರೆ ಬೇರೇನು ಬರುತ್ತದೆ ಎಂಬುದು ಅದಕ್ಕೆ ಗೊತ್ತಿರಲಿಲ್ಲ. ಮೊದಲ ದಿನ ಕಾಯ್ದು ನೋಡಿತು, ಎರಡನೆಯ ದಿನ ಹಸಿವಾಯಿತು, ಇದ್ದದ್ದನ್ನು ತಿಂದಿತು. ಹಾಗೆಂದು ಮೊಸರನ್ನವನ್ನೇ ಅದರ ಊಟವಾಗಿಸಬೇಡಿ. ಘಟ್ಟದ ಮೇಲಿನ ಸಸ್ಯಾಹಾರಿ ಮನೆಗಳಲ್ಲಿ ಮೊಸರನ್ನ, ತೆಳ್ಳೇವು (ತೆಳು ದೋಸೆ) ತಿಂದುಕೊಂಡೇ ಇರುವ ನಾಯಿಗಳನ್ನು ನಾನು ದಿನವೂ ನೋಡುತ್ತೇನೆ. ಅವು ಬದುಕುತ್ತವೆ ನಿಜ, ಆದರೆ ಮರಿಗಳಾದರೆ ಎಲುಬು ಬಲಿಯುವುದಿಲ್ಲ, ದೊಡ್ಡವಾದರೆ ರೋಮ ಮಂಕಾಗುತ್ತದೆ. ನಾಯಿ ಬೆಕ್ಕಿನಂತಲ್ಲ, ಎಚ್ಚರಿಕೆಯಿಂದ ಹೊಂದಿಸಿದ ಸಸ್ಯಾಹಾರದಲ್ಲಿಯೂ ಅದು ಚೆನ್ನಾಗಿರಬಲ್ಲದು. ಆ ಹೊಂದಿಸುವಿಕೆಗೆ ಮೊಸರು, ಅನ್ನ ಎರಡೇ ಸಾಲವು ಎಂಬುದಷ್ಟೇ ನನ್ನ ಮಾತು.

ಈಗ ಮಾಡಬೇಕಾದದ್ದು. ಒಂದು ಭಾನುವಾರ ಚಿಂಗಿಯನ್ನು ತೂಗಿ ಬರೆದಿಟ್ಟುಕೊಳ್ಳಿ. ಮರುದಿನದಿಂದ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ನಿಗದಿತ ಹೊತ್ತಿಗೆ ಊಟ. ನಡುವೆ ನೀರಿನ ಹೊರತು ಬೇರೇನೂ ಇಲ್ಲ. ಪ್ರತಿ ಊಟಕ್ಕೆ 30 ಗ್ರಾಂ ಒಣ ಆಹಾರ ತೂಗಿ, ಎರಡು ಚಮಚ ಬಿಸಿನೀರು ಹಾಕಿ ಹತ್ತು ನಿಮಿಷ ಮುಚ್ಚಿಡಿ. ಉಗುರುಬೆಚ್ಚಗಾದ ಊಟದ ವಾಸನೆ ಏಳುತ್ತದೆ, ತಣ್ಣಗಿದ್ದಾಗ ಏಳುವುದಿಲ್ಲ. ಅದಕ್ಕೆ ಒಂದು ದೊಡ್ಡ ಚಮಚದಷ್ಟು ಮೀನು ಅಥವಾ ಕೋಳಿ ಸೇರಿಸಿ. ನಾನು ಮೀನಿನ ವಿರೋಧಿಯಲ್ಲ. ಬಂಗಡೆ, ತಾರ್ಲೆಯ ಎಣ್ಣೆ ಚರ್ಮಕ್ಕೂ ರೋಮಕ್ಕೂ ಒಳ್ಳೆಯದೇ. ಆದರೆ ಅದು ಸಾರಿನಿಂದ ಎತ್ತಿದ್ದಾಗಿರಬಾರದು, ಏಕೆಂದರೆ ನಮ್ಮ ಸಾರಿನಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಮೇಲೆ ಉಪ್ಪು, ಖಾರ, ತೆಂಗಿನಕಾಯಿಯ ಕೊಬ್ಬು ಬೇರೆ. ಒಗ್ಗರಣೆ ಹಾಕುವ ಮೊದಲು ಎರಡು ತುಂಡು ಪ್ರತ್ಯೇಕವಾಗಿ ಬರೀ ನೀರಿನಲ್ಲಿ ಬೇಯಿಸಿ, ಮುಳ್ಳು ಪೂರ್ತಿ ತೆಗೆದು, ಒಣ ಆಹಾರಕ್ಕೆ ಬೇರ್ಪಡಿಸಲಾಗದಂತೆ ಕಿವುಚಿ ಕಲಸಬೇಕು. ತುಂಡು ತುಂಡಾಗಿ ಮೇಲೆ ಇಟ್ಟರೆ ಅಕ್ಕಿಯಲ್ಲಿ ಕಲ್ಲು ಆರಿಸುವವರಷ್ಟು ಚೊಕ್ಕಟವಾಗಿ ಮೀನನ್ನಷ್ಟೇ ಆರಿಸಿ ತಿಂದು ಉಳಿದದ್ದನ್ನು ಬಿಡುವ ಕಲೆ ಪಾಮೇರಿಯನ್ನುಗಳಿಗೆ ಸಿದ್ಧಿಸಿರುತ್ತದೆ. ಹಸಿ ಮೀನು ಕೊಡುವುದೂ ಬೇಡ. ಕೆಲವು ಮೀನುಗಳಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವವಿದ್ದು, ಅದು ಬೇಯಿಸಿದಾಗ ಮಾತ್ರ ಹೋಗುತ್ತದೆ.

ಬಟ್ಟಲನ್ನು ಮಿಕ್ಸಿ, ವಾಷಿಂಗ್ ಮಷಿನ್ ಸದ್ದಿಲ್ಲದ ಮೂಲೆಯಲ್ಲಿ, ಜಾರದ ನೆಲದ ಮೇಲೆ ಇಟ್ಟು, ಹದಿನೈದು ನಿಮಿಷ ನಿಮ್ಮ ಪಾಡಿಗೆ ನೀವಿರಿ. ಬಾ, ತಿನ್ನು, ನೋಡು ಎಷ್ಟು ಚೆನ್ನಾಗಿದೆ ಎಂಬ ಉಪಚಾರವಾಗಲಿ, ಬಯ್ಗುಳವಾಗಲಿ ಬೇಡ. ಹದಿನೈದು ನಿಮಿಷದ ನಂತರ ಎಷ್ಟೇ ಉಳಿದಿರಲಿ, ಬಟ್ಟಲನ್ನು ಎತ್ತಿಬಿಡಿ. ನೆನೆದ ಊಟ ನಮ್ಮ ಸೆಕೆಯಲ್ಲಿ ಹೇಗೂ ಬೇಗ ಹಳಸುತ್ತದೆ. ಮುಂದಿನ ಊಟ ಮುಂದಿನ ಹೊತ್ತಿಗೇ, ಅದೇ ಊಟ, ಅಷ್ಟೇ ಪ್ರಮಾಣ. ಬೆಳಗಿನದನ್ನು ಬಿಟ್ಟಿತೆಂದು ರಾತ್ರಿಗೆ ಇಮ್ಮಡಿ ಹಾಕುವುದೂ, ರುಚಿ ಹೆಚ್ಚಿಸುವುದೂ ಎರಡೂ ತಪ್ಪು. ಮೊದಲ ಎರಡು ದಿನ ಅದು ಅರ್ಧಂಬರ್ಧ ತಿಂದೀತು, ಒಂದು ಹೊತ್ತು ಪೂರ್ತಿ ಬಿಟ್ಟೀತು. ಮೂರನೆಯ ದಿನಕ್ಕೆ ಸಾಮಾನ್ಯವಾಗಿ ಬಟ್ಟಲಿನ ಸದ್ದಿಗೇ ಓಡಿ ಬರುತ್ತದೆ. ಈ ಅವಧಿಯಲ್ಲಿ ಆಟ ಬಿಟ್ಟು ಮುದುಡಿ ಮಲಗಿದರೆ, ಇಲ್ಲವೇ ಒಂದಿಡೀ ದಿನ ಏನನ್ನೂ ಮುಟ್ಟದಿದ್ದರೆ ಪ್ರಯೋಗ ನಿಲ್ಲಿಸಿ ಪರೀಕ್ಷೆ ಮಾಡಿಸಿ. ತೂಕ 350 ಗ್ರಾಮಿನಷ್ಟು, ಅಂದರೆ ಹತ್ತನೇ ಒಂದು ಭಾಗ, ಇಳಿದರೂ ಅಷ್ಟೇ. ಈಗ ಬಟ್ಟಲಿನಲ್ಲಿರುವ ಆಹಾರವನ್ನೇ ಬದಲಿಸಬೇಕೆಂದಿದ್ದರೆ ಒಂದೇ ದಿನ ಬದಲಿಸದೆ, ಹಳೆಯದಕ್ಕೆ ಹೊಸದನ್ನು ಕಾಲುಭಾಗ, ಅರ್ಧ, ಮುಕ್ಕಾಲು ಎಂದು ಏರಿಸುತ್ತ ವಾರ ಹತ್ತು ದಿನದಲ್ಲಿ ಬದಲಿಸಿ.

ಇದೇ ಕ್ರಮವನ್ನು ಎಲ್ಲ ನಾಯಿಗೂ ಅನ್ವಯಿಸಬಾರದು ಎಂಬುದನ್ನು ಇದನ್ನು ಓದುತ್ತಿರುವ ಇತರರಿಗಾಗಿ ಒತ್ತಿ ಹೇಳಬೇಕು. ನಾಲ್ಕು ತಿಂಗಳೊಳಗಿನ ಪುಟ್ಟ ತಳಿಯ ಮರಿಗಳು ನಾಲ್ಕಾರು ಗಂಟೆ ಹಸಿದಿದ್ದರೂ ರಕ್ತದ ಸಕ್ಕರೆ ಕುಸಿದು ತೂರಾಡಿ, ನಡುಗಿ, ಪ್ರಜ್ಞೆ ತಪ್ಪಬಹುದು. ಅವುಗಳಿಗೆ ದಿನಕ್ಕೆ ನಾಲ್ಕು ಸಲ ಊಟ ಕೊಡಬೇಕು. ಹಾಗೇನಾದರೂ ಆದರೆ ಜೇನುತುಪ್ಪ ಇಲ್ಲವೇ ಸಕ್ಕರೆ ಪಾಕವನ್ನು ಒಸಡಿಗೆ ಸವರುತ್ತ ಆಸ್ಪತ್ರೆಗೆ ಧಾವಿಸಬೇಕು. ಸಕ್ಕರೆ ಕಾಯಿಲೆ, ಯಕೃತ್ತಿನ ಅಥವಾ ಮೂತ್ರಪಿಂಡದ ರೋಗವಿರುವ, ಮುದಿಯಾದ ನಾಯಿಗಳಿಗೂ ಬಟ್ಟಲು ಎತ್ತುವ ಈ ವಿಧಾನ ಸಲ್ಲದು.

ನಿಮ್ಮ ಮನೆಯಲ್ಲಿ ಕಷ್ಟವಾಗುವುದು ಚಿಂಗಿಯಿಂದಲ್ಲ, ನಿಮ್ಮ ಅತ್ತೆಯವರ ಮನಸ್ಸಿಗೆ ನೋವಾಗದಂತೆ ಇದನ್ನು ನಡೆಸುವುದು. ಎದುರಿಗೆ ಕುಳಿತು ತುತ್ತು ಕೊಡುವುದು ಅವರಿಗೆ ಪ್ರೀತಿ, ನಾಯಿಗೆ ಅದೇ ಊಟದ ನಿಯಮ. ಹೀಗಿರುವಾಗ ಅವರನ್ನು ದೂರವಿಡುವುದು ಕ್ರೂರವೂ ಹೌದು, ನಡೆಯದ ಮಾತೂ ಹೌದು, ನೀವು ಆಫೀಸಿಗೆ ಹೋದ ಮೇಲೆ ಬಿಸ್ಕತ್ತು ಡಬ್ಬಿಯ ಮುಚ್ಚಳ ತೆರೆದೇ ತೆರೆಯುತ್ತದೆ. ಅದರ ಬದಲು ಎರಡು ಹೊತ್ತಿನ ಊಟವನ್ನು ತೂಗಿ, ಕಲಸಿ, ಇಡುವ ಅಧಿಕಾರವನ್ನು ಪೂರ್ತಿಯಾಗಿ ಅವರಿಗೇ ಒಪ್ಪಿಸಿ. ಈಗಿರುವ ಅಭ್ಯಾಸದಿಂದ ಇಳಿಸುವುದಕ್ಕೆ ಮೊದಲ ಎರಡು ದಿನ ಒಂದೆರಡು ತುತ್ತು ಕೈಯಿಂದ, ಉಳಿದದ್ದು ಬಟ್ಟಲಿನಿಂದ; ಆಮೇಲೆ ಅವರ ಕೈ ಬಟ್ಟಲಿನೊಳಗೇ ಇರಲಿ; ನಂತರ ಅವರು ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದರೆ ಸಾಕು. ದಿನದ ಒಟ್ಟು ಕ್ಯಾಲರಿಯಲ್ಲಿ ಹತ್ತನೇ ಒಂದು ಭಾಗವನ್ನು ಬಾಯಿರುಚಿಗೆ ಬಿಡಬಹುದು, ಚಿಂಗಿಗೆ ಅದು 28 ಕಿಲೋ ಕ್ಯಾಲರಿ. ಬೇಯಿಸಿದ ಮೊಟ್ಟೆಯ ಬಿಳಿಭಾಗವನ್ನು ಅಡಿಕೆ ಹೋಳಿನಷ್ಟು ಸಣ್ಣಗೆ ಹೆಚ್ಚಿ ಅತ್ತೆಯವರ ಹತ್ತಿರ ಡಬ್ಬಿಯಲ್ಲಿಡಿ, ಕರೆದಾಗ ಬಂದದ್ದಕ್ಕೆ, ಕುಳಿತುಕೊಂಡದ್ದಕ್ಕೆ ಒಂದೊಂದು ಕೊಡಲಿ. ಊಟ ಬಿಟ್ಟದ್ದಕ್ಕೆ ಮಾತ್ರ ಕೊಡಬಾರದು. ಮಕ್ಕಳಿಗೂ ಒಂದು ಮಾತು ಹೇಳಿ: ಆರು ದಿನ ಬಿಗಿಯಾಗಿದ್ದು ಏಳನೆಯ ದಿನ ತಟ್ಟೆಯಿಂದ ಚಪಾತಿ ಎಸೆದರೆ, ಏಳು ದಿನ ಕಾಯ್ದರೆ ಚಪಾತಿ ಬರುತ್ತದೆ ಎಂದು ಅದು ಕಲಿಯುತ್ತದೆ. ಪಾಯಸದ ಒಣದ್ರಾಕ್ಷಿ, ಚಾಕೊಲೇಟ್ ಇವಂತೂ ಒಂದು ಚೂರೂ ಕೂಡದು, ಎರಡೂ ನಾಯಿಗೆ ವಿಷ.

ಹಸಿವಿನ ಟಾನಿಕ್ ಬಗ್ಗೆ ನೀವು ಕೇಳಿಲ್ಲವಾದರೂ ಮುಂದೆ ಯಾರಾದರೂ ಹೇಳುತ್ತಾರೆ. ಹಸಿವು ಹೆಚ್ಚಿಸುವ ಔಷಧಿಗಳು ನಿಜವಾಗಿಯೂ ಇವೆ, ರೋಗದಿಂದ ಸೊರಗಿದ ನಾಯಿಗೆ ಅವನ್ನು ನಾವು ಬಳಸುತ್ತೇವೆ. ಹೊಟ್ಟೆ ತುಂಬಿದ ನಾಯಿಗೆ ಅವುಗಳಿಂದ ಏನೂ ಆಗಬೇಕಾಗಿಲ್ಲ. ಯಾವುದೇ ಕಹಿ ಔಷಧಿಯನ್ನು ದಿನದ ಊಟದಲ್ಲಿ ಕಲಸಬೇಡಿ. ಒಮ್ಮೆ ಕಹಿ ಕಂಡ ಬಟ್ಟಲನ್ನು ನಾಯಿ ತಿಂಗಳುಗಟ್ಟಲೆ ನಂಬುವುದಿಲ್ಲ, ಔಷಧಿಗೆ ಬೇರೆಯೇ ಒಂದು ತುಣುಕನ್ನು ಮೀಸಲಿಡಿ. ದೇವಿಮನೆ ಘಟ್ಟದಂಥ ತಿರುವುಗಳ ಪ್ರಯಾಣದ ಮೊದಲೂ ಊಟ ಹಾಕಬೇಡಿ. ತಿಂದದ್ದನ್ನೆಲ್ಲ ಕಾರಿನಲ್ಲಿ ಕಾರಿಕೊಂಡ ನಾಯಿ ಆಮೇಲೆ ಆ ಊಟವನ್ನೇ ದೂರುತ್ತದೆ.

ಎರಡು ವಾರದ ನಂತರ ಮತ್ತೆ ಭಾನುವಾರ ತೂಗಿ. ತೂಕ ನಿಂತಲ್ಲೇ ಇದ್ದು, ಬಟ್ಟಲು ಖಾಲಿಯಾಗುತ್ತಿದ್ದರೆ ಪ್ರಮಾಣ ಸರಿಯಾಗಿದೆ. ಕಡಿಮೆಯಾಗಿದ್ದರೆ ಪ್ರತಿ ಹೊತ್ತಿಗೆ ಮೂರು ಗ್ರಾಂ ಏರಿಸಿ, ಹೆಚ್ಚಾಗಿದ್ದರೆ ಅಷ್ಟೇ ಇಳಿಸಿ. ಆಗಸ್ಟ್‌ನಲ್ಲಿ ದೋಣಿಗಳು ಮತ್ತೆ ಕಡಲಿಗಿಳಿದಾಗ ಮೀನಿನ ಚಮಚ ಒಂದೇ ಇರಲಿ, ಬೆಳೆಯದಿರಲಿ. ಮುಂದಿನ ವರ್ಷ ಮೇ ಕೊನೆಯ ವಾರದಲ್ಲಿ, ಬಂದರು ನಿಲ್ಲುವ ಮೊದಲೇ, ಬರೀ ನೀರಿನಲ್ಲಿ ಬೇಯಿಸಿ ಮುಳ್ಳು ತೆಗೆದ ಮೀನನ್ನು ಐಸ್ ಟ್ರೇಯ ಒಂದೊಂದು ಮನೆಗೆ ಒಂದೊಂದು ಚಮಚದಂತೆ ತುಂಬಿ ಫ್ರೀಜರಿನಲ್ಲಿಡಿ. ಗಟ್ಟಿಯಾದ ಮೇಲೆ ಬಿಗಿಯಾದ ಚೀಲಕ್ಕೆ ಹಾಕಿಟ್ಟರೆ ಜೂನ್‌ನ ಬಹುಪಾಲು ದಿನಗಳಿಗೆ ಸಾಕಾಗುತ್ತದೆ. ಅಲ್ಲಿಂದಾಚೆಗೆ ಮೀನಿನ ದಿನ ಒಂದು, ಮೊಟ್ಟೆಯ ದಿನ ಒಂದು ಎಂದು ಬದಲಿಸುತ್ತ ಹೋದರೆ ಮೀನು ಮುಗಿದದ್ದು ಚಿಂಗಿಯ ಗಮನಕ್ಕೇ ಬರಲಿಕ್ಕಿಲ್ಲ.